ಟಿಟ್ಟಿಭದ ಮುರಿದ ರೆಕ್ಕೆ

ಕೆರೆಯಂಚಿನ ಜೌಗಿನಲ್ಲಿ ಹಕ್ಕಿ ನೋಡಲು ಬಂದ ಸುನಂದಮ್ಮ, ತಿಳಿಯದೆ ಟಿಟ್ಟಿಭದ ಮೊಟ್ಟೆಗಳ ಹತ್ತಿರವೇ ನಡೆದಳು. ತಾಯಿ ಟಿಟ್ಟಿಭ ರೆಕ್ಕೆ ಮುರಿದಂತೆ ನಟಿಸಿ, ಕುಂಟುತ್ತಾ ಅವಳನ್ನು ದೂರಕ್ಕೆ ಸೆಳೆಯಿತು. ಅವಳು ದುರ್ಬೀನು ಮರೆತು ಮೊಣಕಾಲುದ್ದ ಕೆಸರಿಗಿಳಿದಳು.

"ನಿಲ್ಲವ್ವ, ಎಷ್ಟು ನೋಯುತ್ತಿದೆಯೋ," ಎಂದು ಕಣ್ಣೀರಿಡುತ್ತಾ ಸೆರಗು ಚಾಚಿದಳು.

ಟಿಟ್ಟಿಭ ತಟ್ಟನೆ ಮೇಲೆದ್ದು ಅವಳ ತಲೆಯ ಮೇಲೆಯೇ ಸುತ್ತು ಹಾಕಿತು.

"ಗುಟ್ಟು ಬಿಟ್ಟುಕೊಟ್ಟೆಯಲ್ಲ. ಇನ್ನು ಮೊಟ್ಟೆ ಹುಡುಕುತ್ತಾಳೆ," ಎಂದು ನೀರಿನಲ್ಲಿದ್ದ ಬಾತು ಗದರಿತು.

"ಇರಬಹುದು. ಆದರೆ ನನ್ನ ನೋವಿಗೆ ಅಳುವವಳನ್ನು ಅಳುತ್ತಲೇ ಮನೆಗೆ ಕಳಿಸಲಾರೆ," ಎಂದಿತು ಟಿಟ್ಟಿಭ.

ಹಾರುವ ರೆಕ್ಕೆ ಕಂಡು ಸುನಂದಮ್ಮ ನಕ್ಕಳು. ಹತ್ತಿರದಲ್ಲೆಲ್ಲೋ ಮೊಟ್ಟೆಗಳಿವೆಯೆಂದು ಅವಳಿಗೆ ಹೊಳೆಯಿತು. ಬಂದ ದಾರಿಯನ್ನು ಮತ್ತೆ ತುಳಿಯದೆ, ಕೆಸರು ಮೆತ್ತಿದ ಸೀರೆಯಲ್ಲೇ ಕೆರೆಯ ಏರಿ ಬಳಸಿಕೊಂಡು ಮನೆಗೆ ಹೋದಳು.