ನಲವತ್ತು ಸೀಲಿನ ಒಪ್ಪಿಗೆ ಪತ್ರ

ದೊಡ್ಡಸ್ವಾಮಿ ಮೇಸ್ತ್ರಿಗೆ ಕಟ್ಟಡದ ಕೆಲಸದಲ್ಲಿ ಮೂವತ್ತು ವರ್ಷದ ಅನುಭವ. ಗೋಡೆ ಎತ್ತುವುದು, ಕಂಬ ನಿಲ್ಲಿಸುವುದು, ತಾರಸಿ ಹಾಕುವುದು ಎಲ್ಲವೂ ಅವನಿಗೆ ನೀರು ಕುಡಿದಷ್ಟು ಸಲೀಸು. ಕಚೇರಿ, ಅರ್ಜಿ ಅಂದರೆ ಮಾತ್ರ ಕೈಕಾಲು ಆಡುತ್ತಿರಲಿಲ್ಲ.

ಆ ವರ್ಷ ಪೇಟೆಬೀದಿಯ ಸರ್ಕಾರಿ ಶಾಲೆಯ ಹೊಸ ಕಟ್ಟಡ ಅವನ ಪಾಲಿಗೆ ಬಂದಿತ್ತು. ಗೋಡೆಗಳು ಎದ್ದಿದ್ದವು. ತಾರಸಿಗೆ ಹಲಗೆ ಹೊಡೆದು, ಕಂಬಿ ಕಟ್ಟಿ ಆಗಿತ್ತು. ಕಾಂಕ್ರೀಟ್ ಸುರಿಯುವುದೊಂದೇ ಬಾಕಿ. ಶಾಲೆ ತೆರೆಯಲು ಇನ್ನು ಆರೇ ವಾರ. ಅಷ್ಟರಲ್ಲಿ ಕಟ್ಟಡ ಸಿದ್ಧವಾಗದಿದ್ದರೆ ಮಕ್ಕಳನ್ನು ರೈಲ್ವೆ ಹಳಿಯ ಆಚೆಯ ಶಾಲೆಗೆ ಕಳಿಸುತ್ತೇವೆ ಎಂದು ಮೇಲಿನವರು ಹೇಳಿಬಿಟ್ಟಿದ್ದರು. ಪುಟ್ಟ ಪುಟ್ಟ ಮಕ್ಕಳು ದಿನಾ ಹಳಿ ದಾಟಬೇಕು. ಅದನ್ನು ನೆನೆದರೆ ಮೇಸ್ತ್ರಿಗೆ ಊಟ ಸೇರುತ್ತಿರಲಿಲ್ಲ.

ತೊಡಕು ಇದ್ದದ್ದು ಬೀದಿಯಲ್ಲಿ. ಹಗಲು ಹೊತ್ತು ಅಲ್ಲಿ ಸೈಕಲ್ ತಳ್ಳಿಕೊಂಡು ಹೋಗುವುದೇ ಕಷ್ಟ. ದೊಡ್ಡ ಲಾರಿಗಳಿಗೆ ರಾತ್ರಿ ಒಂಬತ್ತರ ಮೇಲೆಯೇ ಪ್ರವೇಶ. ತಾರಸಿಯನ್ನು ಅರ್ಧ ಇವತ್ತು, ಅರ್ಧ ನಾಳೆ ಎಂದು ಹಾಕುವಂತಿಲ್ಲ. ಹಾಗೆ ಹಾಕಿದರೆ ನಡುವಿನ ಕೂಡಿಕೆ ಮಳೆಗಾಲದಲ್ಲಿ ಸೋರುತ್ತದೆ. ಅಂದರೆ ರಾತ್ರಿಯಿಡೀ ಕೆಲಸ ಮಾಡಿ ಒಂದೇ ಸಲಕ್ಕೆ ಮುಗಿಸಬೇಕು. ರಾತ್ರಿ ಕೆಲಸಕ್ಕೆ ನಗರಸಭೆಯ ಅನುಮತಿ ಬೇಕು. ಅನುಮತಿಗೆ ಬೀದಿಯವರ ಒಪ್ಪಿಗೆ ಪತ್ರ ಬೇಕು.

ಇಷ್ಟೇ ತಾನೆ ಎಂದುಕೊಂಡ ಮೇಸ್ತ್ರಿ. ಒಂದು ಮಧ್ಯಾಹ್ನ ಬೀದಿಯ ಎರಡೂ ಸಾಲು ಸುತ್ತಿದ. ಬಟ್ಟೆ ಅಂಗಡಿ, ಪಾತ್ರೆ ಅಂಗಡಿ, ಔಷಧಿ ಅಂಗಡಿ, ಒಂದನ್ನೂ ಬಿಡಲಿಲ್ಲ. ಒಬ್ಬರೂ ಇಲ್ಲ ಅನ್ನಲಿಲ್ಲ. "ಸ್ಕೂಲ್ ಕೆಲಸ ತಾನೆ? ಧಾರಾಳವಾಗಿ ಮಾಡಿ" ಎಂದು ಸಹಿ ಹಾಕಿ, ಪಕ್ಕದಲ್ಲಿ ಅಂಗಡಿಯ ಸೀಲು ಒತ್ತಿ ಕೊಟ್ಟರು. ಪಾತ್ರೆ ಅಂಗಡಿಯವರು ಕೂರಿಸಿ ಕಾಫಿಯನ್ನೂ ಕುಡಿಸಿದರು. ಸಂಜೆಯ ಹೊತ್ತಿಗೆ ನಲವತ್ತು ಸಹಿ, ನಲವತ್ತು ಸೀಲು. ಮನೆಗೆ ಹೋದವನೇ ಆ ಕಾಗದವನ್ನು ಪರೀಕ್ಷೆ ಪಾಸಾದ ಹುಡುಗನ ಹಾಗೆ ಹೆಂಡತಿಗೆ ತೋರಿಸಿದ.

ಮರುದಿನ ನಗರಸಭೆಯ ಎಂಜಿನಿಯರ್ ಇಂದುಮತಿ ಅದನ್ನು ಮೇಲಿಂದ ಕೆಳಗೆ ಓದಿದರು. ಆಮೇಲೆ ಕನ್ನಡಕ ತೆಗೆದು ಕೇಳಿದರು.

"ಮೇಸ್ತ್ರಿಗಳೇ, ಇವರಲ್ಲಿ ರಾತ್ರಿ ಅದೇ ಬೀದೀಲಿ ಮಲಗೋರು ಎಷ್ಟು ಜನ?"

ಮೇಸ್ತ್ರಿ ಹೆಸರುಗಳ ಮೇಲೆ ಬೆರಳಾಡಿಸಿದ. ಬಟ್ಟೆ ಅಂಗಡಿಯವರ ಮನೆ ಹೊಸ ಬಡಾವಣೆಯಲ್ಲಿ. ಪಾತ್ರೆ ಅಂಗಡಿಯವರದು ಕೆರೆ ಏರಿಯ ಹತ್ತಿರ. ಬೆರಳು ಕೊನೆಯ ಸಾಲಿಗೆ ಬಂದು ನಿಂತಿತು.

"ಯಾರೂ ಇಲ್ಲ ಮೇಡಂ."

"ಒಂಬತ್ತಕ್ಕೆ ಬಾಗಿಲು ಹಾಕ್ಕೊಂಡು ಹೋಗೋರಿಗೆ ಒಪ್ಪೋದಕ್ಕೇನು ಕಷ್ಟ? ಅಲ್ಲೇ ಇರೋರನ್ನ ಕೇಳ್ಕೊಂಡು ಬನ್ನಿ."

"ಅದು ಪೇಟೆ ಮೇಡಂ. ಅಲ್ಲಿ ಮನೆಗಳೇ ಇಲ್ಲ."

"ತಲೆ ಎತ್ತಿ ನೋಡಿದ್ದೀರಾ?" ಎಂದು ಕೇಳಿ ಅವರು ಕಾಗದವನ್ನು ವಾಪಸು ಕೊಟ್ಟರು.

ಮೇಸ್ತ್ರಿಗೆ ಸಿಟ್ಟು ನೆತ್ತಿಗೇರಿತು. ತನ್ನ ಕೂಲಿಯಾಳುಗಳಿಂದಲೇ ಹತ್ತು ಸಹಿ ಹಾಕಿಸಿ, ಇವರೇ ಅಲ್ಲಿರುವವರು ಅಂದರೆ ಯಾರಿಗೆ ಗೊತ್ತಾಗುತ್ತದೆ? ಜೇಬಿನಿಂದ ಪೆನ್ನು ತೆಗೆದೂ ಆಯಿತು. ಆದರೆ ತಲೆ ಎತ್ತಿ ನೋಡಿದ್ದೀರಾ ಎಂಬ ಮಾತು ಒಳಗೆಲ್ಲೋ ಚುಚ್ಚಿತ್ತು. ನಾಲ್ಕು ತಿಂಗಳಿಂದ ಆ ಬೀದಿಯಲ್ಲಿ ಕೆಲಸ ಮಾಡುತ್ತಿದ್ದರೂ ಅವನು ಅಂಗಡಿಯ ಬೋರ್ಡುಗಳಿಂದ ಮೇಲೆ ನೋಡಿರಲಿಲ್ಲ.

ಹೋಗಿ ನೋಡಿದ. ಬೋರ್ಡುಗಳ ಮೇಲೆ ಕಿಟಕಿಗಳಿದ್ದವು. ಒಗೆದ ಬಟ್ಟೆ ಒಣಗುತ್ತಿತ್ತು. ಬಣ್ಣದ ಡಬ್ಬಿಯಲ್ಲಿ ತುಳಸಿ ಬೆಳೆದಿತ್ತು. ಅಂಗಡಿ ಅಂಗಡಿಗಳ ನಡುವೆ ಒಬ್ಬರು ಹತ್ತುವಷ್ಟೇ ಅಗಲದ ಮೆಟ್ಟಿಲುಗಳಿದ್ದವು. ಮೇಸ್ತ್ರಿ ನಾಚಿಕೊಂಡೇ ಹತ್ತಿದ. ಹೋಟೆಲ್ ಕೆಲಸದವರು, ಟೈಲರ್ ಸಂಸಾರ, ಹೀಗೆ ಹನ್ನೊಂದು ಮನೆಗಳು ಸಿಕ್ಕವು. ಶನಿವಾರ ರಾತ್ರಿ ಕೆಲಸ ಎಂದಾಗ ಹತ್ತು ಮನೆಯವರು ಒಂದು ರಾತ್ರಿ ತಾನೆ ಎಂದು ಒಪ್ಪಿದರು. ಹನ್ನೊಂದನೆಯ ಮನೆಯಲ್ಲಿ ಹೂವು ಕಟ್ಟುತ್ತಿದ್ದ ಚಿಕ್ಕತಾಯಮ್ಮ ತಲೆ ಎತ್ತದೆ ಹೇಳಿದರು.

"ನಾನು ಒಪ್ಪಾಕಿಲ್ಲ ಅಣ್ಣ."

ಮೇಸ್ತ್ರಿ ಹೊಸ್ತಿಲ ಹತ್ತಿರ ಕುಳಿತು ಕೇಳಿದ. "ಯಾಕೆ ತಾಯಿ?"

"ಶನಿವಾರ ರಾತ್ರಿ ಅಂತೀರ. ಭಾನುವಾರ ಮದುವೆ ಹೂವು ಇರ್ತದೆ. ಮೂರು ಗಂಟೆಗೆ ಎದ್ದು ಮಾರ್ಕೆಟ್‌ಗೆ ಹೋಗ್ಬೇಕು. ನಿದ್ದೆ ಇಲ್ದೆ ಹೆಂಗೆ ಹೋಗ್ಲಿ? ಮಂಗಳವಾರ ಮಾಡ್ಕಳಿ. ಬುಧವಾರ ನಂಗೆ ರಜ."

"ಇಷ್ಟೇನಾ ತಾಯಿ? ಮಂಗಳವಾರವೇ ಆಗಲಿ."

ಅವರು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಸಹಿ ಹಾಕಿದರು. ಮೇಸ್ತ್ರಿ ಮೆಟ್ಟಿಲ ಹತ್ತಿರ ಬಂದಾಗ ಹಿಂದಿನಿಂದ ಕೇಳಿದರು. "ಲಾರಿ ಎಲ್ಲಿ ನಿಲ್ಲಿಸ್ತೀರ?"

"ಶಾಲೆ ಗೇಟಿನ ಎಡಕ್ಕೆ."

ಹೂವು ಕಟ್ಟುತ್ತಿದ್ದ ಕೈ ನಿಂತಿತು. "ಅಲ್ಲಿ ಬ್ಯಾಡಿ. ಅದರ ಕೆಳಗೆ ಹಳೇ ಬಾವಿ ಐತೆ, ಮೇಲೆ ಬರೀ ಚಪ್ಪಡಿ ಮುಚ್ಚವ್ರೆ. ಹೋದ ವರ್ಷ ರಾತ್ರಿ ನೀರಿನ ಟ್ಯಾಂಕರ್ ಬಂದು ಚಕ್ರ ಕುಸೀತು. ಬೆಳಗ್ಗೆ ಅಂಗಡಿ ತೆಗೆಯೋದ್ರೊಳಗೆ ಮೇಲ್ಮೇಲೆ ಮಣ್ಣು ಹಾಕಿ ಡಾಂಬರ್ ಬಳಿದ್ರು. ನಾವು ಕಿಟಕೀಲಿ ನಿಂತು ನೋಡಿದ್ದು."

ಮೇಸ್ತ್ರಿ ಓಡುತ್ತಲೇ ಹೋದ. ಹಾರೆಯಿಂದ ನೆಲವನ್ನು ಕುಟ್ಟಿದ. ಕೆಳಗೆ ಟೊಳ್ಳು ಸದ್ದು. ಅಂಚಿನ ಡಾಂಬರ್ ಕೆದಕಿದರೆ ಬಿರುಕುಬಿಟ್ಟ ಚಪ್ಪಡಿ ಕಂಡಿತು. ಕಾಂಕ್ರೀಟ್ ತುಂಬಿದ ಲಾರಿ ಅದರ ಮೇಲೆ ನಿಂತಿದ್ದರೆ? ಪಕ್ಕದಲ್ಲಿ ತನ್ನ ಹನ್ನೆರಡು ಜನ ಆಳುಗಳು? ಅವನು ಹಾರೆ ಕೆಳಗಿಟ್ಟ. ಅಲ್ಲೇ ಶಾಲೆಯ ಮೆಟ್ಟಿಲ ಮೇಲೆ ಕುಳಿತು, ದೇವರೇ ಬದುಕಿದೆ ಎಂದ.

ಆಮೇಲೆ ಉಳಿದ ಹತ್ತು ಮನೆಗಳಿಗೂ ಮತ್ತೆ ಹೋಗಿ ಮಂಗಳವಾರಕ್ಕೆ ಒಪ್ಪಿಗೆ ಪಡೆದ. ಅಂದು ಸಂಜೆ ಹನ್ನೊಂದು ಹೆಸರಿನ ಕಾಗದ ಇಂದುಮತಿಯವರ ಮೇಜಿನ ಮೇಲಿತ್ತು. ಒಂದೂ ಸೀಲಿರಲಿಲ್ಲ. ಎರಡು ಕಡೆ ಹೆಬ್ಬೆಟ್ಟಿನ ಗುರುತಿತ್ತು. ಬಾವಿಯ ವಿಷಯ ಕೇಳಿದ ಅವರು ಕೂಡಲೇ ಜನ ಕಳಿಸಿ ಆ ಜಾಗಕ್ಕೆ ಬೇಲಿ ಹಾಕಿಸಿದರು. ಲಾರಿಗಳಿಗೆ ಗೇಟಿನ ಬಲಗಡೆ ಜಾಗ ಗುರುತು ಮಾಡಿಸಿದರು. ಆಮೇಲೆ ರಾತ್ರಿ ಕೆಲಸದ ಅನುಮತಿಗೆ ಸಹಿ ಹಾಕಿದರು.

ಬುಧವಾರ ಬೆಳಗ್ಗೆ ತಾರಸಿ ಮುಗಿದಿತ್ತು. ಯಾರಿಗೂ ಒಂದು ಗೀರು ಗಾಯವಿಲ್ಲ. ಚಿಕ್ಕತಾಯಮ್ಮ ಹಾಲು ತರಲು ಕೆಳಗಿಳಿದು ಬಂದರು.

"ನಿದ್ದೆ ಬಂತಾ ತಾಯಿ?" ಮೇಸ್ತ್ರಿ ಹಿಂಜರಿಯುತ್ತಾ ಕೇಳಿದ.

"ಎಲ್ಲಿ ಬರ್ತದೆ ನಿಮ್ಮ ಮಿಷಿನ್ ಗದ್ದಲಕ್ಕೆ? ಈಗ ಹೋಗಿ ಮಲಗ್ತೀನಿ. ನೀವೂ ಮಲಗಿ, ಮಕ ನೋಡಕಾಗ್ತಿಲ್ಲ."

ಮೇಸ್ತ್ರಿ ನಕ್ಕ. ಎಷ್ಟೋ ದಿನಗಳ ಮೇಲೆ ಅವನಿಗೆ ಎದೆ ಹಗುರವಾಗಿತ್ತು. ಜೂನ್‌ನಲ್ಲಿ ಮಕ್ಕಳು ಹಳಿ ದಾಟದೆ ತಮ್ಮ ಶಾಲೆಗೇ ಬಂದರು.

ನೀತಿ: ನಮ್ಮ ಕೆಲಸದ ತೊಂದರೆ ಯಾರ ಮೇಲೆ ಬೀಳುತ್ತದೋ ಅವರನ್ನೇ ಮೊದಲು ಕೇಳಬೇಕು. ಕಳೆದುಕೊಳ್ಳಲು ಏನೂ ಇಲ್ಲದವರ ಒಪ್ಪಿಗೆ ಸುಲಭವಾಗಿ ಸಿಗುತ್ತದೆ, ಆದರೆ ಅದು ಒಪ್ಪಿಗೆಯಲ್ಲ. ನಮ್ಮ ಕಣ್ಣಿಗೆ ಬೀಳದವರಿಗೇ ನಮಗೆ ಗೊತ್ತಿಲ್ಲದ ಅಪಾಯ ಗೊತ್ತಿರುತ್ತದೆ.