ಸಮಾಧಾನಪ್ಪ ಮೇಷ್ಟ್ರ ಸಿಟ್ಟು

ಊರಿನ ಕೊನೆಗೆ, ಹೊಳೆಯ ದಂಡೆಯ ಮೇಲೆ, ಸಮಾಧಾನಪ್ಪ ಮೇಷ್ಟ್ರ ಮನೆ. ಹೆಸರಿನಲ್ಲಿದ್ದ ಸಮಾಧಾನ ಅವರ ನಾಲಗೆಗೆ ಇಳಿದಿರಲಿಲ್ಲ. ಹಾಲಿನವನು ತಡವಾಗಿ ಬಂದರೂ ಬೈಗುಳ, ಬೇಗ ಬಂದರೂ ಬೈಗುಳ.

ಆದರೂ ಮಾರ್ಮನ್ ಎಂಬ ಕ್ರೈಸ್ತ ಸಭೆಯ ಹುಡುಗರು ಆ ಊರಿಗೆ ಸೇವೆಗೆಂದು ಬಂದಾಗಲೆಲ್ಲ ಮೊದಲು ಆ ಮನೆಗೇ ಹೋಗುತ್ತಿದ್ದರು. ಗ್ರಂಥವನ್ನು ತಪ್ಪಿಲ್ಲದೆ ಓದುವುದು ಹೇಗೆ, ಇನ್ನೊಬ್ಬರ ಮನೆಯಲ್ಲಿ ಕೂತು ಮಾತಾಡುವುದು ಹೇಗೆ ಎಂದು ಹೇಳಿಕೊಡಲು ಅಲ್ಲಿ ಬೇರೆ ಯಾರೂ ಇರಲಿಲ್ಲ.

ಆ ವರ್ಷ ಬಂದವರು ಇಬ್ಬರು. ಒಬ್ಬ ಚಿತ್ರದುರ್ಗದ ಕಡೆಯ ತಿಪ್ಪೇಶ, ಇನ್ನೊಬ್ಬ ರಾಜಮಂಡ್ರಿಯ ಗೊಲ್ಲಪಲ್ಲಿ. ಬಿಳಿ ಅಂಗಿ, ಟೈ, ಎದೆಯ ಮೇಲೆ ಹೆಸರಿನ ಕಪ್ಪು ಪಟ್ಟಿ. ಎರಡು ವರ್ಷ ಮನೆ ಬಿಟ್ಟು ದೇವರ ಕೆಲಸ. ಎಲ್ಲಿಗೆ ಹೋದರೂ ಇಬ್ಬರೂ ಜೊತೆಗೇ ಹೋಗಬೇಕೆಂಬುದು ನಿಯಮ. ಸಭೆಯವರೆಲ್ಲ ಅವರನ್ನು ‘ಎಲ್ಡರ್’ ಎಂದು ಕರೆಯುತ್ತಿದ್ದರು.

ಮೇಷ್ಟ್ರು ಮಾತ್ರ ಕರೆಯುತ್ತಿರಲಿಲ್ಲ.

“ಎಲ್ಡರ್ ಅಂದ್ರೆ ಹಿರಿಯ ಅಂತ. ನಿನಗಿನ್ನೂ ಮೀಸೆ ಬಲಿತಿಲ್ಲ. ತಿಪ್ಪೇಶ ಅಂತೀನಿ, ಸಾಕು.”

ತಿಪ್ಪೇಶನ ತಾಯಿ ಸಭೆಗೆ ಸೇರಿದವಳಲ್ಲ. ಅವನು ಸೇರಿದಾಗ ಅಣ್ಣ ಪಾಲಯ್ಯ ಮಾತು ಬಿಟ್ಟ. ತಾಯಿ ಬಿಡಲಿಲ್ಲ. ಮಗ ಸೇವೆಗೆ ಹೊರಡುವ ದಿನ ಅವನ ಅಂಗಿಗಳನ್ನೆಲ್ಲ ತಾನೇ ಇಸ್ತ್ರಿ ಮಾಡಿ ಪೆಟ್ಟಿಗೆಯಲ್ಲಿಟ್ಟಳು.

“ಯಾವ ದೇವ್ರಾದ್ರೂ ಇರ್ಲಿ,” ಅಂದಿದ್ದಳು. “ಅವನ ಕೆಲ್ಸಕ್ಕೆ ಮುದುರಿದ ಅಂಗಿ ಹಾಕ್ಕೊಂಡು ಹೋಗಬ್ಯಾಡ.”

ಆಗಲೇ ಅವಳಿಗೆ ಮೈ ಸರಿಯಿರಲಿಲ್ಲ. ತಿಪ್ಪೇಶ ದಿನವೂ ಮೊಣಕಾಲೂರಿ ದೇವರನ್ನು ಕೇಳುತ್ತಿದ್ದ. ನಾನು ನಿಮ್ಮ ಕೆಲಸ ಮಾಡುತ್ತೇನೆ, ನೀವು ಅವ್ವನನ್ನು ನೋಡಿಕೊಳ್ಳಿ. ಆ ಮಾತಿಗೆ ಆ ಕಡೆಯಿಂದ ಒಪ್ಪಿಗೆ ಸಿಕ್ಕಿದೆ ಎಂದೇ ಅವನು ನಂಬಿದ್ದ.

ಒಂದು ಗುರುವಾರ ಅಣ್ಣನ ಫೋನ್ ಬಂತು.

“ಅವ್ವ ಹೋದ್ಲು. ಸೋಮವಾರ ಮಣ್ಣು ಮಾಡಿದ್ವಿ.”

“ಸೋಮವಾರನಾ? ಯಾಕೆ ಹೇಳ್ಲಿಲ್ಲ?”

“ನಿನ್ನ ದೇವ್ರ ಕೆಲ್ಸಕ್ಕೆ ಅಡ್ಡ ಆಗೋದು ಬ್ಯಾಡ ಅಂತ.”

ಫೋನ್ ಕಟ್ಟಾಯಿತು.

ಸೇವೆಯ ಮೇಲ್ವಿಚಾರಣೆ ನೋಡುತ್ತಿದ್ದ ಹಿರಿಯರು ಅವತ್ತೇ ಮಾತಾಡಿದರು. ಮನೆಗೆ ಹೋಗಿ ಬಾ ಮಗನೇ, ಎಷ್ಟು ದಿನ ಬೇಕಾದರೂ ಇದ್ದು ಬಾ ಅಂದರು. ತಿಪ್ಪೇಶ ಒಪ್ಪಲಿಲ್ಲ. ಮಣ್ಣಾದ ಮೇಲೆ ಹೋಗಿ ಯಾರ ಮುಖ ನೋಡಲಿ?

ಮರುದಿನ ಎಲ್ಲರಿಗಿಂತ ಮೊದಲೆದ್ದ. ಟೈ ಬಿಗಿದ. ಬಿಸಿಲಲ್ಲಿ ಬೀದಿ ಸುತ್ತಿದ. ಬಾಗಿಲು ಹಾಕಿದವರಿಗೂ ಕೈಮುಗಿದ. ಭಾನುವಾರ ಸಭೆಯಲ್ಲಿ ಅವನು ಮಾಡಿದ ಪ್ರಾರ್ಥನೆ ಕೇಳಿ ಹೆಂಗಸರು ಕಣ್ಣೊರೆಸಿಕೊಂಡರು. ಎಂಥ ವಿಶ್ವಾಸ ಈ ಹುಡುಗನದು ಎಂದು ಎಲ್ಲರೂ ಹೊಗಳಿದರು.

ರಾತ್ರಿ ಮಲಗಿದಾಗಲೂ ಅವನ ಹಲ್ಲು ಕಚ್ಚಿಕೊಂಡೇ ಇರುತ್ತಿತ್ತು. ಬೆಳಿಗ್ಗೆ ಏಳುವಾಗ ದವಡೆ ನೋಯುತ್ತಿತ್ತು.

ಅದೇ ಹೊತ್ತಿಗೆ ಸೈಕಲ್ ಷಾಪಿನ ದುರುಗಪ್ಪನ ಹೆಂಡತಿ ಈರಮ್ಮ ತೀರಿಕೊಂಡಳು. ಭಾನುವಾರಗಳಲ್ಲಿ ಗಂಡ ಹೆಂಡತಿ ಇಬ್ಬರೂ ಸಭೆಗೆ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಹುಡುಗರಿಬ್ಬರೂ ಮಾತಾಡಿಸಲು ಹೋದರು.

ಮುದುಕ ನೆಲದ ಮೇಲೆ ಕೂತಿದ್ದ. ತಿಪ್ಪೇಶನನ್ನು ನೋಡಿ ಬಿಕ್ಕಿದ.

“ಯಾಕಪ್ಪಾ ಹಿಂಗ್ ಮಾಡಿದ ಅವನು? ನಾವೇನ್ ತಪ್ಪು ಮಾಡಿದ್ವಿ?”

“ಎಲ್ಲಾ ದೇವರ ಚಿತ್ತ ಅಜ್ಜಾ,” ಅಂದ ತಿಪ್ಪೇಶ. ಮಾತು ತಡೆಯಿಲ್ಲದೆ ಬಂತು. “ಅಳಬಾರದು. ನಂಬಿಕೆ ಇದ್ದವರು ಅಳಲ್ಲ.”

ದುರುಗಪ್ಪ ಅಳು ನಿಲ್ಲಿಸಿ ಅವನ ಮುಖ ನೋಡಿದ. ಆಮೇಲೆ ಗೋಡೆಯ ಕಡೆ ತಿರುಗಿ ಕೂತ.

“ಹೋಗ್ರಪ್ಪ,” ಅಂದ. “ನೀವಿನ್ನ ಹೋಗ್ರಿ.”

ಮರುದಿನ ಮಧ್ಯಾಹ್ನ ಮೇಷ್ಟ್ರ ಮನೆಯಲ್ಲಿ ಗೊಲ್ಲಪಲ್ಲಿ ತನ್ನ ತೆಲುಗು ಬೆರೆತ ಕನ್ನಡದಲ್ಲಿ ನಡೆದದ್ದನ್ನೆಲ್ಲ, ತಿಪ್ಪೇಶ ರಾತ್ರಿಯೆಲ್ಲ ಹಲ್ಲು ಕಡಿಯುವುದನ್ನೂ ಸೇರಿಸಿ, ಹೇಳಿಬಿಟ್ಟ. ತಿಪ್ಪೇಶ ಅವನನ್ನು ಸುಡುವಂತೆ ನೋಡಿದ.

ಮೇಷ್ಟ್ರು ಏನೂ ಅನ್ನಲಿಲ್ಲ. ಅದೇ ವಿಚಿತ್ರವಾಗಿತ್ತು. ಮೂರು ತಟ್ಟೆ ಹಾಕಿದರು, ಅನ್ನ ಬಡಿಸಿದರು, ಸಾರು ಸುರಿದರು.

“ಪ್ರಾರ್ಥನೆ ಮಾಡು,” ಅಂದರು ತಿಪ್ಪೇಶನಿಗೆ.

ಅವನು ಕಣ್ಣು ಮುಚ್ಚಿದ. “ಪರಲೋಕದ ನಮ್ಮ ತಂದೆಯೇ, ಈ ಊಟಕ್ಕಾಗಿ ನಿಮಗೆ ಸ್ತೋತ್ರ. ನಿಮ್ಮ ಪ್ರೀತಿಗಾಗಿ, ನಿಮ್ಮ ಕೃಪೆಗಾಗಿ...”

“ಸುಳ್ಳು,” ಅಂದರು ಮೇಷ್ಟ್ರು.

ತಿಪ್ಪೇಶ ಕಣ್ಣು ಬಿಟ್ಟ.

“ಮತ್ತೆ ಮಾಡು.”

“ಪರಲೋಕದ ನಮ್ಮ ತಂದೆಯೇ, ನೀವು ನಮ್ಮನ್ನು ಕಾಪಾಡುತ್ತಾ ಬಂದಿದ್ದೀರಿ...”

“ಸುಳ್ಳು!” ಈ ಸಲ ಮೇಷ್ಟ್ರು ನೆಲಕ್ಕೆ ಅಂಗೈ ಬಡಿದರು. ಲೋಟದ ನೀರು ಚೆಲ್ಲಿತು.

“ಮೇಷ್ಟ್ರೇ, ಅನ್ನ ಆರಿಹೋಗುತ್ತೆ,” ಅಂದ ಗೊಲ್ಲಪಲ್ಲಿ ಮೆಲ್ಲಗೆ.

“ಆರಲಿ! ಇವನ ಬಾಯಿಗಿಂತ ತಣ್ಣಗಾಗಲ್ಲ ಅದು. ಹೆಂಡ್ತಿ ಕಳ್ಕೊಂಡ ಮನುಷ್ಯನಿಗೆ ಅಳಬೇಡ ಅಂತ ಹೇಳಿ ಬಂದಿದ್ದಾನೆ. ಯಾರು ಕೊಟ್ರೋ ನಿನಗೆ ಆ ಅಧಿಕಾರ? ಹೇಳು!”

ತಿಪ್ಪೇಶನ ಕಿವಿ ಕಾದವು.

“ಧೈರ್ಯ ಹೇಳೋಕೆ ಹೋಗಿದ್ದೆ.”

“ಧೈರ್ಯ ಹೇಳಲಿಲ್ಲ ನೀನು. ಬಾಯಿ ಮುಚ್ಚು ಅಂದೆ ಅವನಿಗೆ. ನೀನು ಮುಚ್ಕೊಂಡಿದ್ದೀಯಲ್ಲ, ಅವನೂ ಮುಚ್ಕೊಳ್ಳಲಿ ಅಂತ. ಮಾಡು ಪ್ರಾರ್ಥನೆ.”

“ಮಾಡಲ್ಲ.”

“ಮಾಡು!”

“ಮಾಡಲ್ಲ!” ತಿಪ್ಪೇಶ ಎದ್ದು ನಿಂತ. ತಟ್ಟೆ ಕಾಲಿಗೆ ತಾಗಿ ಸಾರು ನೆಲದ ಮೇಲೆ ಹರಿಯಿತು. “ನಿಮಗೇನ್ ಗೊತ್ತು ಮೇಷ್ಟ್ರೇ? ಹೊಳೆ ದಂಡೆ ಮೇಲೆ ಒಬ್ಬರೇ ಕೂತು ಎಲ್ಲರನ್ನೂ ಬೈತೀರಿ. ಕಳ್ಕೊಳ್ಳೋಕೆ ಯಾರಿದ್ದಾರೆ ನಿಮಗೆ?”

ಗೊಲ್ಲಪಲ್ಲಿ ತಲೆ ತಗ್ಗಿಸಿದ.

ಮೇಷ್ಟ್ರು ಕೆಳಗೆ ಬಿದ್ದ ಅನ್ನವನ್ನು ಕೈಯಿಂದ ಬಳಿದು ಒಂದು ಕಡೆಗೆ ಇಟ್ಟರು. ಆಮೇಲೆ ನಿಧಾನಕ್ಕೆ ಎದ್ದರು.

“ನಿಮ್ಮವ್ವನ್ನ ನಾನು ಕರ್ಕೊಂಡು ಹೋದೆನಾ?”

ತಿಪ್ಪೇಶ ಬಾಗಿಲ ಕಡೆ ತಿರುಗಿದ.

“ದುರುಗಪ್ಪ ಕರ್ಕೊಂಡು ಹೋದನಾ? ನಿಮ್ಮಣ್ಣ?”

“ಇಲ್ಲ.”

“ದುರುಗಪ್ಪನ ಮೇಲೆ ಸಿಟ್ಟು, ಅಣ್ಣನ ಮೇಲೆ ಸಿಟ್ಟು, ನನ್ನ ಮೇಲೆ, ಈ ಪಾಪದ ಹುಡುಗನ ಮೇಲೆ. ಯಾರ ಮೇಲೆ ಬರಬೇಕೋ ಅವನೊಬ್ಬನಿಗೆ ಮಾತ್ರ ಸ್ತೋತ್ರ!”

ಅವನ ಮಣಿಕಟ್ಟು ಹಿಡಿದು ಎಳೆದುಕೊಂಡೇ ಹೊರಟರು. ಆ ವಯಸ್ಸಿನಲ್ಲೂ ಹಿಡಿತ ಬಲವಾಗಿತ್ತು. ಹಿತ್ತಲು ದಾಟಿ ಮರಳಿನ ಮೇಲೆ ತಂದು ನಿಲ್ಲಿಸಿದರು. ಎದುರಿಗೆ ಹೊಳೆ.

“ಇಲ್ಲಿ ಹೇಳು. ನನಗಲ್ಲ, ಅವನಿಗೆ.”

“ಏನ್ ಹೇಳಲಿ?”

“ರಾತ್ರಿಯೆಲ್ಲ ಹಲ್ಲು ಕಡಿದು ಯಾರಿಗೆ ಏನ್ ಹೇಳ್ತಿದ್ದೀಯೋ, ಅದನ್ನೇ.”

ಮೇಷ್ಟ್ರು ಹೋಗಿ ದೂರದ ಕಲ್ಲಿನ ಮೇಲೆ ಬೆನ್ನು ಹಾಕಿ ಕೂತರು.

ತಿಪ್ಪೇಶ ಹೊಳೆಯ ಕಡೆ ನೋಡಿದ. ಆಚೆ ಯಾರೋ ಎಮ್ಮೆ ತೊಳೆಯುತ್ತಿದ್ದರು. ಬಿಸಿಲಿಗೆ ನೀರು ಕಣ್ಣು ಚುಚ್ಚುತ್ತಿತ್ತು. ಮೊದಲು ಬಂದದ್ದು ಸಣ್ಣ ಧ್ವನಿ.

“ಪರಲೋಕದ ನಮ್ಮ ತಂದೆಯೇ...”

ಅಲ್ಲಿಗೆ ನಿಂತುಹೋಯಿತು. ಮುಂದಿನ ಮಾತು ಎಲ್ಲಿಂದ ಬಂತೋ ಅವನಿಗೇ ತಿಳಿಯಲಿಲ್ಲ. ಯಾವತ್ತೂ ‘ನೀವು’ ಎನ್ನುತ್ತಿದ್ದವನು ‘ನೀನು’ ಅಂದ.

“ಎಲ್ಲಿದ್ದೆ ನೀನು? ಸೋಮವಾರ ಎಲ್ಲಿದ್ದೆ? ನಾನು ನಿನ್ನ ಕೆಲ್ಸ ಮಾಡ್ತಿದ್ದೆ! ಈ ಊರ ಬೀದಿಯಲ್ಲಿ ನಿನ್ನ ಹೆಸ್ರು ಹೊತ್ಕೊಂಡು ತಿರುಗ್ತಿದ್ದೆ! ಉಗಿಸ್ಕೊಂಡೆ, ಬೈಸ್ಕೊಂಡೆ, ನಿನಗೋಸ್ಕರ ನಗ್ತಾ ನಿಂತೆ! ಒಂದೇ ಒಂದು ಕೇಳಿದ್ನಲ್ಲೋ ನಿನ್ನ, ಒಂದೇ ಒಂದು! ನಮ್ಮವ್ವ ನನ್ನ ಅಂಗಿ ಇಸ್ತ್ರಿ ಮಾಡಿ ಕಳಿಸಿದ್ಲು ನಿನ್ನ ಕೆಲ್ಸಕ್ಕೆ! ನಿಂತ್ಕೊಳ್ಳೋಕೆ ಆಗ್ತಿರ್ಲಿಲ್ಲ ಅವಳಿಗೆ, ಗೋಡೆಗೆ ಒರಗಿ ಮಾಡಿದ್ಲು! ನೋಡಿದ್ಯಾ ನೀನು? ಕಣ್ಣಿದ್ಯಾ ನಿನಗೆ?”

ಬಗ್ಗಿ ಎರಡೂ ಕೈಯಲ್ಲಿ ಮರಳು ಬಾಚಿ ಹೊಳೆಯ ಮೇಲೆ ಎಸೆದ. ಗಾಳಿಗೆ ಅರ್ಧ ಮರಳು ತಿರುಗಿ ಅವನ ಮುಖಕ್ಕೇ ಬಿತ್ತು. ಮತ್ತೆ ಬಾಚಿದ, ಮತ್ತೆ ಎಸೆದ.

“ಮುಖ ನೋಡೋಕೂ ಬಿಡ್ಲಿಲ್ಲ! ಒಂದು ಹಿಡಿ ಮಣ್ಣು ಹಾಕೋಕೂ ಬಿಡ್ಲಿಲ್ಲ ನೀನು!”

ಎಮ್ಮೆ ತೊಳೆಯುತ್ತಿದ್ದವರು ಕೈ ನಿಲ್ಲಿಸಿ ನೋಡಿದರು. ಹಿತ್ತಲ ಬಾಗಿಲಲ್ಲಿ ಗೊಲ್ಲಪಲ್ಲಿ ತನ್ನ ಟೈಯಿಂದಲೇ ಕಣ್ಣೊರೆಸಿಕೊಳ್ಳುತ್ತಿದ್ದ.

ಗಂಟಲು ಕಟ್ಟುವವರೆಗೂ ತಿಪ್ಪೇಶ ಕೂಗಿದ. ಮರಳಿನ ಮೇಲೆ ಕುಸಿದು, ಚಿಕ್ಕ ಮಗುವಿನ ಹಾಗೆ, ಬಾಯಿ ತೆರೆದು ಅತ್ತ. ಫೋನ್ ಬಂದಾಗಿನಿಂದ ಅವನು ಅತ್ತದ್ದು ಅದೇ ಮೊದಲು.

ಬಹಳ ಹೊತ್ತಿನ ಮೇಲೆ ಒಳಗೆ ಬಂದರು. ಮೇಷ್ಟ್ರು ಬೇರೆ ತಟ್ಟೆ ಇಟ್ಟು, ಆರಿದ ಅನ್ನವನ್ನೇ ಬಡಿಸಿದರು. ತಿಪ್ಪೇಶ ಕೈ ಹಾಕಲು ಹಿಂಜರಿದ.

“ಪ್ರಾರ್ಥನೆ ಮಾಡಿಲ್ಲ ಮೇಷ್ಟ್ರೇ.”

“ಆಯ್ತಲ್ಲ ಈಗ. ಉಣ್ಣು.”

ಮೂವರೂ ಉಂಡರು. ಗೊಲ್ಲಪಲ್ಲಿ ಎರಡು ಸಲ ಅನ್ನ ಹಾಕಿಸಿಕೊಂಡ.

ಕೈ ತೊಳೆಯುವಾಗ ಮೇಷ್ಟ್ರು ಕೇಳಿದರು. “ಸಿಟ್ಟು ಹೋಯ್ತಾ?”

ತಿಪ್ಪೇಶ ಯೋಚಿಸಿದ. ಹೋಯಿತು ಅನ್ನುವುದು ಸುಲಭವಿತ್ತು.

“ಇಲ್ಲ.”

“ಹಂಗಾದ್ರೆ ನಡಿ, ದುರುಗಪ್ಪನ ಮನೆಗೆ.”

“ಈಗಲಾ? ಮನಸ್ಸು ಶಾಂತ ಆದಮೇಲೆ ಹೋಗ್ತೀನಿ ಮೇಷ್ಟ್ರೇ.”

“ಶಾಂತವಾಗೇ ಹೋಗಿದ್ದೆಯಲ್ಲ ಮೊದಲು!” ಮೇಷ್ಟ್ರು ಗುಡುಗಿದರು. “ಏನಾಯ್ತು? ಚಪ್ಪಲಿ ಹಾಕ್ಕೋ.”

ಮೂವರೂ ಹೋದಾಗ ದುರುಗಪ್ಪ ಷಾಪಿನ ಬಾಗಿಲು ತೆಗೆದಿರಲಿಲ್ಲ. ಪಕ್ಕದ ಕೋಣೆಯಲ್ಲಿ ಅದೇ ಗೋಡೆಗೆ ಒರಗಿ ಕೂತಿದ್ದ. ಬಿಳಿ ಅಂಗಿ ಕಂಡ ಕೂಡಲೇ ಮುಖ ತಿರುಗಿಸಿದ.

“ಮತ್ತೆ ಬಂದ್ರಾ? ನಿಮ್ಮ ಮಾತು ಕೇಳೋ ಶಕ್ತಿ ಇಲ್ಲಪ್ಪ ನನಗೆ. ಹೋಗ್ರಿ.”

ತಿಪ್ಪೇಶ ಹೋಗಲಿಲ್ಲ. ಅಂಗಿಯ ತುಂಬ ಮರಳು. ಏನು ಹೇಳಬೇಕೆಂದು ತೋಚದೆ ಹೊಸಿಲ ಹತ್ತಿರವೇ ನೆಲದ ಮೇಲೆ ಕೂತ.

“ಅಜ್ಜಾ, ನಾನು ನಿನ್ನೆ ಆಡಿದ್ದು ತಪ್ಪು,” ಅಂದ. ಗಂಟಲು ಒಡೆದಿತ್ತು. “ನಮ್ಮವ್ವ ಸತ್ತು ಇನ್ನೂ ತಿಂಗಳಾಗಿಲ್ಲ. ನನಗೆ ಅವನ ಮೇಲೆ ಸಿಟ್ಟಿದೆ. ಹೇಳೋಕೆ ಹೆದರಿ ನಿಮ್ಮ ಬಾಯಿ ಮುಚ್ಚಿಸಿದೆ.”

ಮುದುಕ ತಿರುಗಿದ. ಹುಡುಗನ ಕೆಂಪಾದ ಕಣ್ಣು ನೋಡಿದ, ಕೊಳಕಾದ ಅಂಗಿ ನೋಡಿದ.

“ಅವ್ವನಾ?”

“ಹೂಂ.”

ದುರುಗಪ್ಪ ಸ್ವಲ್ಪ ಸರಿದು ತನ್ನ ಚಾಪೆಯಲ್ಲಿ ಜಾಗ ಮಾಡಿದ. ತಿಪ್ಪೇಶ ಹೋಗಿ ಅವನ ಪಕ್ಕದಲ್ಲಿ ಕೂತ. ಇಬ್ಬರೂ ಒಂದೇ ಗೋಡೆಗೆ ಒರಗಿದರು.

“ಈರಿ ಹಾಲಿಗೆ ಹೆಪ್ಪು ಹಾಕಿಟ್ಟು ಹೋದ್ಲು,” ಅಂದ ದುರುಗಪ್ಪ. “ಬೆಳಿಗ್ಗೆ ಮೊಸರಾಗಿತ್ತು. ಅವಳಿರ್ಲಿಲ್ಲ. ಆ ಮೊಸರು ಏನ್ ಮಾಡ್ಬೇಕು ಅಂತ ಗೊತ್ತಾಗ್ಲಿಲ್ಲ ನನಗೆ.”

ಮುದುಕ ಮತ್ತೆ ಅತ್ತ. ತಿಪ್ಪೇಶ ಈ ಸಲ ಏನೂ ಅನ್ನಲಿಲ್ಲ.

ಮುದುಕ ಮುಷ್ಟಿ ಬಿಗಿದು ತನ್ನ ತೊಡೆಗೇ ಗುದ್ದಿಕೊಂಡ. “ನನಗೂ ಬರುತ್ತಪ್ಪ. ಬಾಯಿಗೆ ಬಂದಂಗೆ ಬೈಬೇಕು ಅನ್ಸುತ್ತೆ ಅವನಿಗೆ. ಹೆದರಿಕೆ ಆಗುತ್ತೆ. ಬೈದ್ರೆ ಅವನೂ ನನ್ನ ಬಿಟ್ಟು ಹೋದ್ರೆ?”

ತಿಪ್ಪೇಶನಿಗೂ ಅದೇ ಭಯವಿತ್ತು. ಹೊಳೆಯಿಂದ ಬಂದಾಗಿನಿಂದ ಅವನೊಳಗೆ ಇದ್ದದ್ದು ಅದೊಂದೇ ಪ್ರಶ್ನೆ. ಅವನು ಮೇಷ್ಟ್ರ ಕಡೆ ನೋಡಿದ.

ಮೇಷ್ಟ್ರು ಹೊಸಿಲಾಚೆ ನಿಂತು, ಗೋಡೆ ಹಿಡಿದು, ಚಪ್ಪಲಿ ಬಿಡುತ್ತಿದ್ದರು. ಇವರ ಕಡೆ ನೋಡಲಿಲ್ಲ.

“ನನ್ನ ಮಗಳು ಹೋದಾಗಿನಿಂದ ದಿನಾ ಬೈತಿದ್ದೀನಿ,” ಅಂದರು. “ಇನ್ನೂ ನಮ್ಮನೆಗೆ ಬರೋದು ಬಿಟ್ಟಿಲ್ಲ ಅವನು.”