ಇಸ್ಪಂದಿ ಸಾಹೇಬರ ವಾಸದ ಓಲೆ

"ನನ್ನ ಕಣ್ಣು ತಪ್ಪಿಸಿ ಹೊರನಾಡಿನವನೊಬ್ಬ ಈ ಊರಲ್ಲಿ ಒಂದು ಲೋಟ ನೀರು ಕುಡಿಯಲಿ ನೋಡೋಣ," ಎಂದು ಭುಜಂಗರಾಯ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ಈತ ಮರಡಿದುರ್ಗದ ಗಡಿ ಕಚೇರಿಗೆ ಹೊಸದಾಗಿ ಬಂದ ಅಧಿಕಾರಿ. ಹೊರನಾಡಿನಲ್ಲಿ ಹುಟ್ಟಿದವರು ಆ ಊರಲ್ಲಿ ಇರಬೇಕಾದರೆ ವಾಸದ ಓಲೆ ಬೇಕು, ವರ್ಷಕ್ಕೊಮ್ಮೆ ಅದನ್ನು ಹೊಸದು ಮಾಡಿಸಿಕೊಳ್ಳಬೇಕು. ಹಿಂದಿನ ಅಧಿಕಾರಿ ಮುದ್ರೆ ಒತ್ತಿ, ಮನೆ ಕಡೆ ಎಲ್ಲ ಕ್ಷೇಮವೇ ಎಂದು ಕೇಳಿ ಕಳಿಸುತ್ತಿದ್ದ. ಈ ಮನುಷ್ಯ ಕ್ಷೇಮ ಕೇಳುವುದಿಲ್ಲ, ದಾಖಲೆ ಕೇಳುತ್ತಾನೆ. ರಾಜ ಕೆಂಚಭೂಪಾಲನಿಗೆ ಇವನನ್ನು ಕಂಡರೆ ಬಲು ಮೆಚ್ಚುಗೆ. ರಾಜರಿಗೆ ಇಂಥವರೇ ಹಿಡಿಸುವುದು, ಏನು ಮಾಡೋಣ ಹೇಳಿ.

ಇಸ್ಪಂದಿ ಸಾಹೇಬರು ಕುದುರೆ ವೈದ್ಯರು. ಮೂವತ್ತೊಂದು ವರ್ಷದ ಹಿಂದೆ ಪಾರಸೀಕ ದೇಶದಿಂದ ಕುದುರೆಗಳ ಜೊತೆ ಬಂದವರು ಇಲ್ಲೇ ಮದುವೆಯಾಗಿ, ಮುದ್ದೆ ನುಂಗುವುದನ್ನೂ ಕಲಿತು, ಉಳಿದುಬಿಟ್ಟರು. ಈ ಸಲ ಓಲೆ ಹೊಸದು ಮಾಡಿಸಲು ಹೋದರೆ ಭುಜಂಗರಾಯ ಕೇಳಿದ, "ನೀವು ಊರೊಳಕ್ಕೆ ಬಂದ ದಿನ ಕೋಟೆ ಬಾಗಿಲ ಕಾವಲುಗಾರ ಬರೆದುಕೊಟ್ಟ ಚೀಟಿ ಎಲ್ಲಿ?"

"ಆ ಕಾವಲುಗಾರ ತೀರಿಕೊಂಡು ಇಪ್ಪತ್ತು ವರ್ಷ ಆಯಿತಲ್ಲ ರಾಯರೇ. ಆ ಬಾಗಿಲೂ ಬಿದ್ದುಹೋಗಿದೆ."

"ಅದಕ್ಕೆ ನಾನೇನು ಮಾಡಲಿ? ಚೀಟಿ ಇಲ್ಲವೆಂದರೆ ನೀವು ಬಂದೇ ಇಲ್ಲ."

"ಬಂದೇ ಇಲ್ಲವೆಂದರೆ ನಿಮ್ಮೆದುರು ನಿಂತಿರುವುದು ಯಾರು?"

"ಅದನ್ನೇ ನಾನೂ ಕೇಳುತ್ತಿರುವುದು. ಹುಣ್ಣಿಮೆಯೊಳಗೆ ಗಡಿ ದಾಟಿಬಿಡಿ."

ಹುಣ್ಣಿಮೆಗೆ ನಾಲ್ಕೇ ದಿನ. ಸಾಹೇಬರು ನೇರವಾಗಿ ತಿಪ್ಪರಸನ ಮನೆಗೆ ಹೋದರು. ತಿಪ್ಪರಸ ಆಸ್ಥಾನದಲ್ಲಿ ರಾಜನನ್ನು ನಗಿಸಿ ಹೊಟ್ಟೆ ಹೊರೆಯುವವನು, ಆದರೆ ಊರಿನವರಿಗೆ ಕಷ್ಟ ಬಂದಾಗ ನೆನಪಾಗುವುದು ಅವನೇ.

"ಮಗಳು ಜುಬೇದಾ ಹೆರಿಗೆಗೆ ಬಂದಿದ್ದಾಳೆ ತಿಪ್ಪರಸಪ್ಪ. ಮೊಮ್ಮಗುವಿನ ಮುಖ ನೋಡುವ ಮೊದಲೇ ನನ್ನನ್ನು ಅಟ್ಟುತ್ತಿದ್ದಾರೆ," ಎಂದು ಸಾಹೇಬರು ಅತ್ತೇಬಿಟ್ಟರು.

"ಈ ರಗಳೆ ನಡುವೆ ಇಲ್ಲಿಗ್ಯಾಕೆ ಕರೆಸಿದಿರಿ? ಗಂಡನ ಊರಲ್ಲೇ ಆಗಬಹುದಿತ್ತಲ್ಲ."

"ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು ಅಂತ ನನ್ನ ಹೆಂಡತಿ ಹಟ. ನಿಮ್ಮಲ್ಲೂ ಹಾಗೇ ಅಲ್ಲವೇ?"

ಎಲೆಗೆ ಸುಣ್ಣ ಹಚ್ಚುತ್ತಿದ್ದ ತಿಪ್ಪರಸನ ಬೆರಳು ನಿಂತಿತು. "ಹೌದಲ್ಲ, ಎಲ್ಲರಲ್ಲೂ ಹಾಗೇ," ಎಂದ. "ನೀವು ಮನೆಗೆ ಹೋಗಿ ಊಟ ಮಾಡಿ. ನಾಳೆ ಸಭೆಗೆ ಬನ್ನಿ."

ಮರುದಿನ ಸಭೆಯಲ್ಲಿ ತಿಪ್ಪರಸ ಕೈಮುಗಿದು ಎದ್ದ.

"ರಾಯರೇ, ಒಂದು ಸಂಶಯ. ಗಡಿಯಾಚೆ ಹುಟ್ಟಿದವನು ಎಳೆಗೂಸಾಗಿದ್ದಾಗಲೇ ಇಲ್ಲಿಗೆ ಬಂದರೂ ಓಲೆ ಬೇಕೇ?"

"ತೊಟ್ಟಿಲಲ್ಲಿ ಬಂದರೂ ಬೇಕು," ಎಂದ ಭುಜಂಗರಾಯ.

"ಬಹಳ ದೊಡ್ಡ ಮನುಷ್ಯನಾದರೆ?"

"ದೊಡ್ಡವರು, ಚಿಕ್ಕವರು ಎಂಬ ಭೇದ ನನ್ನ ಕಚೇರಿಯಲ್ಲಿಲ್ಲ."

"ಶಹಬ್ಬಾಸ್," ಎಂದ ರಾಜ.

"ಹಾಗಿದ್ದರೆ ಒಂದು ದೂರಿದೆ ಪ್ರಭು. ಒಬ್ಬ ಆಸಾಮಿ ಓಲೆಯೂ ಇಲ್ಲದೆ, ಚೀಟಿಯೂ ಇಲ್ಲದೆ ನಲವತ್ತೆರಡು ವರ್ಷದಿಂದ ಈ ಊರಲ್ಲಿದ್ದಾನೆ. ಉಂಡುಟ್ಟು ಚೆನ್ನಾಗಿಯೇ ಇದ್ದಾನೆ."

ರಾಜನ ಹುಬ್ಬು ಗಂಟಾಯಿತು. "ಯಾರವನು? ಎಳೆದು ತನ್ನಿ."

"ಎಳೆಯುವ ಕೆಲಸವಿಲ್ಲ, ಸಭೆಯಲ್ಲೇ ಇದ್ದಾನೆ. ಹುಟ್ಟಿದ್ದು ಗಡಿಯಾಚೆ ನೆಲ್ಲಗುಂದಿಯಲ್ಲಿ, ತಾಯಿಯ ತವರು ಅದು. ಚೊಚ್ಚಲ ಮಗ ನೋಡಿ. ಬಾಣಂತನ ಮುಗಿದ ಮೇಲೆ, ಐದನೇ ತಿಂಗಳಲ್ಲಿ, ತಾಯಿ ಪಲ್ಲಕ್ಕಿಯಲ್ಲಿ ಕರೆತಂದರಂತೆ."

"ನೆಲ್ಲಗುಂದಿ ನನ್ನ ಅಜ್ಜಿಯ ಊರು," ಎಂದ ರಾಜ. ಆಮೇಲೆ ಬೆರಳು ಮಡಿಸಿ ತನ್ನ ವಯಸ್ಸು ಎಣಿಸತೊಡಗಿದ.

ಭುಜಂಗರಾಯನ ಮುಖ ಸುಟ್ಟ ಬದನೆಕಾಯಿಯಂತೆ ಬಾಡಿತು.

"ರಾಯರೇ, ಆ ಆಸಾಮಿಗೆ ಹುಣ್ಣಿಮೆವರೆಗೆ ಗಡುವು ಕೊಡುತ್ತೀರೋ, ಇವತ್ತೇ ಹೊರಡಬೇಕೋ?" ಎಂದು ತಿಪ್ಪರಸ ಬಲು ವಿನಯದಿಂದ ಕೇಳಿದ.

"ಮಹಾಪ್ರಭುಗಳ ಮಾತು ಬೇರೆ..."

"ಭೇದವಿಲ್ಲ ಅಂದಿರಲ್ಲ."

ರಾಜನಿಗೆ ನಿಜಕ್ಕೂ ನೋವಾಗಿತ್ತು. "ತಿಪ್ಪರಸ, ಹುಟ್ಟಿದ್ದು ಎಲ್ಲೋ ಇರಬಹುದು. ನಾನು ಬಾಳಿದ್ದು ಇಲ್ಲಿ, ಮದುವೆಯಾದದ್ದು ಇಲ್ಲಿ, ನಾಳೆ ಸಾಯುವುದೂ ಇಲ್ಲೇ. ನಾನು ಈ ಊರಿನವನಲ್ಲ ಅಂದರೆ ಇನ್ನೆಲ್ಲಿಯವನಯ್ಯಾ?"

"ಇಸ್ಪಂದಿ ಸಾಹೇಬರೂ ಇದನ್ನೇ ಹೇಳುವುದು ಪ್ರಭು. ರಾಯರ ಕಚೇರಿಯಲ್ಲಿ ಆ ಮಾತು ನಡೆಯುವುದಿಲ್ಲವಂತೆ. ಚೀಟಿ ಬೇಕಂತೆ."

ರಾಜ ಬಾಗಿಲ ಬಳಿ ನಿಂತಿದ್ದ ಸಾಹೇಬರನ್ನು ನೋಡಿದ, ಭುಜಂಗರಾಯನನ್ನು ನೋಡಿದ, ನಗಲು ಶುರುಮಾಡಿದ. ನಕ್ಕು ಸುಸ್ತಾದ ಮೇಲೆ ಸಾಹೇಬರನ್ನು ಹತ್ತಿರ ಕರೆಸಿ, ಬದುಕಿರುವವರೆಗೂ ಹೊಸದು ಮಾಡಿಸಬೇಕಿಲ್ಲದ ಓಲೆ ಬರೆಸಿ, ತಾನೇ ಮುದ್ರೆ ಒತ್ತಿದ. ಸಾಹೇಬರು ಅದನ್ನು ಎದೆಗೊತ್ತಿಕೊಂಡು ನಿಂತರು.

"ನಿನಗೇನು ಬೇಕು, ಕೇಳು," ಎಂದ ರಾಜ ತಿಪ್ಪರಸನಿಗೆ.

"ನನಗೂ ಅಂಥದೇ ಒಂದು ಓಲೆ ಪ್ರಭು. ನಾನೂ ಚೊಚ್ಚಲ ಮಗ, ನನ್ನ ತಾಯಿಯ ತವರೂ ಗಡಿಯಾಚೆ," ಎಂದ ತಿಪ್ಪರಸ. "ಆದರೆ ಅವಸರವಿಲ್ಲ. ಸಾಹೇಬರ ಬೆನ್ನ ಹಿಂದೆ ರಾಯರು ಆಗಲೇ ಓಲೆಗೆ ಬಂದು ನಿಂತಿದ್ದಾರೆ, ಅವರೂ ಚೊಚ್ಚಲ ಮಗನಂತೆ, ಮೊದಲು ಅವರದಾಗಲಿ."